ಹಳೆಯ ಲಾರಿ ಮತ್ತು ಪ್ರಮಾಣದ ಪ್ರಶ್ನೆ

ಒಂದು ತಿಳಿವಳಿಕೆ ನಿಜವೆಂದು ನಿಶ್ಚಯವಾಗುವುದು ಹೇಗೆ ಎಂಬ ಪ್ರಶ್ನೆಯನ್ನು ಕುರಿತು ಭಾರತೀಯ ದರ್ಶನಗಳಲ್ಲಿ ದೀರ್ಘವಾದ ವಾದ ನಡೆದಿದೆ. ಜ್ಞಾನವು ತನ್ನ ಸತ್ಯತೆಯನ್ನು ಹುಟ್ಟಿನಲ್ಲೇ ಪಡೆದಿರುತ್ತದೆ, ಅದಕ್ಕೆ ಬಾಧಕ ತೋರಿದಾಗ ಮಾತ್ರ ಅದನ್ನು ಕೈಬಿಡಬೇಕು ಎಂಬುದು ಮೀಮಾಂಸಕರ ಪಕ್ಷ, ಇದು ಸ್ವತಃಪ್ರಾಮಾಣ್ಯವಾದ. ಜ್ಞಾನದ ಸತ್ಯತೆಯು ಹೊರಗಿನಿಂದ, ಮುಖ್ಯವಾಗಿ ಅದನ್ನು ನಂಬಿ ಕೈಗೊಂಡ ಕ್ರಿಯೆ ಫಲಿಸುವುದರಿಂದ, ಸ್ಥಿರಪಡುತ್ತದೆ ಎಂಬುದು ನೈಯಾಯಿಕರ ಪಕ್ಷ, ಇದು ಪರತಃಪ್ರಾಮಾಣ್ಯವಾದ. ಗೌತಮನ ನ್ಯಾಯಸೂತ್ರಗಳಿಗೆ ವಾತ್ಸ್ಯಾಯನನು ಬರೆದ ಭಾಷ್ಯವು ಪ್ರವೃತ್ತಿಸಾಮರ್ಥ್ಯದ, ಅಂದರೆ ಕ್ರಿಯೆಯ ಸಾಫಲ್ಯದ, ವಿಚಾರದಿಂದಲೇ ಆರಂಭವಾಗುತ್ತದೆ. ಈ ಎರಡನೆಯ ಪಕ್ಷದ ಬಲವನ್ನು ಅರಿಯಲು ಹಳೆಯ ಲಾರಿಯೊಂದರ ರಿಪೇರಿಯನ್ನು ಕಲಿಯುವವನ ಅನುಭವಕ್ಕಿಂತ ಉತ್ತಮವಾದ ನಿದರ್ಶನ ಸಿಗುವುದು ಕಷ್ಟ.

ಟಾಟಾ ಕಂಪನಿಯು ಜರ್ಮನಿಯ ಡೈಮ್ಲರ್ ಬೆಂಜ್ ಸಹಯೋಗದಲ್ಲಿ 1954ರಿಂದ ತಯಾರಿಸಿದ ಲಾರಿಗಳೂ ಅವುಗಳ ಮುಂದಿನ ಪೀಳಿಗೆಯ ಲಾರಿಗಳೂ ಇಲ್ಲಿ ಉದಾಹರಣೆಯಾಗಬಹುದು. ಇವುಗಳ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ, ಕಂಪ್ಯೂಟರೂ ಇಲ್ಲ. ಪಿಸ್ಟನ್ನು ಗಾಳಿಯನ್ನು ಸುಮಾರು ಹದಿನೇಳರಲ್ಲಿ ಒಂದು ಪಾಲಿಗೆ ಅದುಮಿದಾಗ ಆ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ; ಸರಿಯಾಗಿ ಅದೇ ಹೊತ್ತಿಗೆ ಡೀಸೆಲ್ ಪಂಪು ನಾಝಲ್ ಮೂಲಕ ಇಂಧನವನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಈ ಕಾರ್ಯಕಾರಣ ಸರಣಿಯ ಬಹುಪಾಲು ಕೊಂಡಿಗಳನ್ನು ಕಣ್ಣಿನಿಂದ ನೋಡಬಹುದು, ಕೈಯಿಂದ ಬಿಚ್ಚಿ ಜೋಡಿಸಬಹುದು.

ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ನ್ಯಾಯಶಾಸ್ತ್ರದಲ್ಲಿ ಅನುಮಾನ ಪ್ರಮಾಣದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವ ಸಾಧನದ, ಪ್ರಸಿದ್ಧ ದೃಷ್ಟಾಂತ. ಗ್ಯಾರೇಜಿನ ಮೇಸ್ತ್ರಿಯೂ ಸೈಲೆನ್ಸರಿನ ಹೊಗೆಯಿಂದಲೇ ಅನುಮಾನವನ್ನು ಆರಂಭಿಸುತ್ತಾನೆ: ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದನ್ನೂ, ಕಪ್ಪು ಹೊಗೆ ಡೀಸೆಲ್ ಪೂರ್ತಿ ಉರಿಯದಿರುವುದನ್ನೂ ಸೂಚಿಸುತ್ತದೆ. ಆದರೆ ಕಪ್ಪು ಹೊಗೆ ಕಂಡ ಮಾತ್ರಕ್ಕೆ ನಾಝಲ್ ಕೆಟ್ಟಿದೆಯೆಂದು ಕಲಿಯುವವನು ತೀರ್ಮಾನಿಸಿದರೆ, ಶಾಸ್ತ್ರವು ಸವ್ಯಭಿಚಾರವೆಂದು ಕರೆಯುವ ದೋಷಕ್ಕೆ, ಎಂದರೆ ಊಹೆಗೆ ಆಧಾರವಾದ ಗುರುತು (ಹೇತು) ಊಹಿಸಿದ ವಿಷಯ (ಸಾಧ್ಯ) ಇಲ್ಲದ ಕಡೆಯೂ ಕಾಣಿಸಿಕೊಳ್ಳುವ ದೋಷಕ್ಕೆ, ಅವನು ಸಿಕ್ಕಿಬೀಳುತ್ತಾನೆ. ಏಕೆಂದರೆ ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದ್ದರೂ ಅದೇ ಹೊಗೆ ಬರುತ್ತದೆ. ಫಿಲ್ಟರನ್ನು ಶುಚಿಮಾಡಿ ಹೊಗೆ ಇಳಿಯಿತೇ ಎಂದು ನೋಡುವುದು ಕ್ರಿಯೆಯಿಂದಲೇ ಆ ದೋಷವನ್ನು ಕಳೆಯುವ ಬಗೆ.

ಏರ್ ತೆಗೆಯುವ ಕೆಲಸದಲ್ಲಿ ಈ ತತ್ತ್ವ ಇನ್ನೂ ಸ್ಪಷ್ಟವಾಗುತ್ತದೆ. ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತ ಲಾರಿಗೆ ಮತ್ತೆ ಡೀಸೆಲ್ ತುಂಬಿದರೂ ಅದು ಸ್ಟಾರ್ಟ್ ಆಗದೆ ಇರುವುದುಂಟು. ಪೈಪಿನೊಳಗೆ ಸೇರಿದ ಗಾಳಿ ತಾನೇ ಅದುಮಿಕೊಳ್ಳುವುದರಿಂದ ಪಂಪಿನ ಒತ್ತಡ ನಾಝಲ್ ತನಕ ಮುಟ್ಟುವುದಿಲ್ಲ. ಆಗ ಡೀಸೆಲ್ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪನ್ನು ಒತ್ತುತ್ತಾ ಹೋದರೆ ಮೊದಲು ನೊರೆ, ಬಳಿಕ ಬಿಡಿ ಗುಳ್ಳೆಗಳು, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಧಾರೆ ಹೊರಬರುತ್ತದೆ. ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಮಾಡಬೇಕು, ಇಲ್ಲವಾದರೆ ಗಾಳಿ ಮತ್ತೆ ಒಳಸೇರುತ್ತದೆ. ಎಂಜಿನ್ ಸ್ಟಾರ್ಟ್ ಆಗಿ ನಿಲ್ಲದೆ ಓಡಿದಾಗ, ದೋಷ ಗಾಳಿಯದೇ ಎಂಬ ಊಹೆಯು ನಿಶ್ಚಯವಾಗಿ ಮಾರ್ಪಡುತ್ತದೆ.

ಇಲ್ಲಿ ಮೀಮಾಂಸಕರು ಎತ್ತುವ ಆಕ್ಷೇಪ ಗಂಭೀರವಾದುದು: ಒಂದು ಜ್ಞಾನವನ್ನು ಇನ್ನೊಂದು ಜ್ಞಾನ ಸ್ಥಿರಪಡಿಸಬೇಕಾದರೆ, ಎಂಜಿನ್ ಓಡುತ್ತಿದೆಯೆಂಬ ಜ್ಞಾನಕ್ಕೂ ಮತ್ತೊಂದು ಪ್ರಮಾಣ ಬೇಕಾಗಿ, ಕೊನೆಯಿಲ್ಲದ ಅನವಸ್ಥೆ ಉಂಟಾಗುವುದಿಲ್ಲವೇ? ಸಂಶಯವಿದ್ದಲ್ಲಿ ಮಾತ್ರ ಪರೀಕ್ಷೆ ಅಗತ್ಯ, ಸಂಶಯ ನಿಂತಲ್ಲಿ ಪರೀಕ್ಷೆಯೂ ನಿಲ್ಲುತ್ತದೆ ಎಂಬುದು ನ್ಯಾಯದ ಉತ್ತರ. ಕೆಲಸ ಬಲ್ಲವರ ನಡವಳಿಕೆ ಈ ಉತ್ತರವನ್ನೇ ಎತ್ತಿಹಿಡಿಯುತ್ತದೆ. ಓಡುತ್ತಿರುವ ಎಂಜಿನ್ನಿನ ಮುಂದೆ ನಿಂತವನು ಅದು ಓಡುತ್ತಿದೆಯೇ ಎಂದು ಕೇಳುವುದಿಲ್ಲ, ಆದರೆ ಅದರ ಸದ್ದಿನಲ್ಲಿ ವ್ಯತ್ಯಾಸ ಕೇಳಿದ ಕೂಡಲೇ ಪರೀಕ್ಷೆಯನ್ನು ಮತ್ತೆ ಆರಂಭಿಸುತ್ತಾನೆ.

2020ರ ಏಪ್ರಿಲ್‌ನಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್ 6 ನಿಯಮಗಳಿಗೆ ಹೊಂದುವ ಹೊಸ ಲಾರಿಗಳಲ್ಲಿ ಸೆನ್ಸರುಗಳೇ ದೋಷವನ್ನು ಗುರುತಿಸಿ ಸಂಕೇತವಾಗಿ ತಿಳಿಸುತ್ತವೆ. ಇದನ್ನು ಶಬ್ದಪ್ರಮಾಣಕ್ಕೆ, ಅಂದರೆ ನಂಬಲರ್ಹವಾದ ಮಾತಿನಿಂದ ಬರುವ ಜ್ಞಾನಕ್ಕೆ, ಹೋಲಿಸಬಹುದು. ನ್ಯಾಯವು ಶಬ್ದವನ್ನು ತಿರಸ್ಕರಿಸುವುದಿಲ್ಲ. ಮೇಸ್ತ್ರಿಯ ಮಾತಿಲ್ಲದೆ ಹಳೆಯ ಲಾರಿಯ ಕೆಲಸವನ್ನೂ ಕಲಿಯಲಾಗದು. ಆದರೆ ಪ್ರತ್ಯಕ್ಷ ಮತ್ತು ಅನುಮಾನಗಳನ್ನು ಸ್ವತಃ ಪಳಗಿಸಿಕೊಂಡವನು ಮಾತ್ರ ಯಂತ್ರ ಹೇಳಿದ್ದು ಎಲ್ಲಿ ಸಾಲದೆಂದು ಕಂಡುಕೊಳ್ಳಬಲ್ಲನು.

ಕ್ರಿಯೆಯಿಂದ ಜ್ಞಾನವನ್ನು ಅಳೆಯಬೇಕೆಂದು ಬೋಧಿಸಿದ ಶಾಸ್ತ್ರವನ್ನು ಕೈಕೆಲಸದವರಿಂದ ದೂರವಿಟ್ಟದ್ದು ನಮ್ಮ ಸಮಾಜದ ದೊಡ್ಡ ನಷ್ಟ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮೊದಲಾದ 12ನೆಯ ಶತಮಾನದ ಶರಣರು ಕಾಯಕವನ್ನೂ ತತ್ತ್ವಚಿಂತನೆಯನ್ನೂ ಒಂದೇ ಬದುಕಿನಲ್ಲಿ ಕೂಡಿಸಿ ಆ ನಷ್ಟವನ್ನು ತುಂಬಲು ಯತ್ನಿಸಿದರು. ಅವರ ದಾರಿಯನ್ನು ಒಪ್ಪುವುದಾದರೆ, ಸ್ಪ್ಯಾನರ್ ಹಿಡಿದು ತನ್ನ ಊಹೆಯನ್ನು ಪರೀಕ್ಷೆಗೊಡ್ಡುವವನು ಜ್ಞಾನದ ಕೆಳಮೆಟ್ಟಿಲಲ್ಲಿ ನಿಂತಿಲ್ಲವೆಂದೂ, ಅವನು ಮಾಡುತ್ತಿರುವುದು ಪ್ರಮಾಣವಿಚಾರವೇ ಎಂದೂ ಒಪ್ಪಬೇಕಾಗುತ್ತದೆ.