ಮೈದಾನದ ಅಂಚಿನಲ್ಲಿ ಕುಳಿತವರು

ಅಕ್ಷರ ತಿದ್ದಲು ಬಾರದ ಮಗುವಿಗೆ ‘ನಿನಗೆ ವಿದ್ಯೆಯ ಹುಟ್ಟುಗುಣವಿಲ್ಲ, ಅತ್ತ ಬೇವಿನ ನೆರಳಿಗೆ ಹೋಗಿ ಕುಳಿತುಕೋ’ ಎನ್ನುವ ಶಿಕ್ಷಕನನ್ನು ಯಾವ ಊರೂ ಒಂದು ದಿನ ಸಹಿಸಲಾರದು. ಚೆಂಡು ಹಿಡಿಯಲು ಬಾರದ ಮಗುವಿಗೆ ಅದೇ ಮಾತನ್ನು ನಾವು ಸುಮಾರು ಮೂರು ದಶಕ ಹೇಳಿದ್ದೇವೆ. ಯಾರೂ ಆಕ್ಷೇಪಿಸಲಿಲ್ಲ, ಆ ಮಕ್ಕಳೂ ಆಕ್ಷೇಪಿಸಲಿಲ್ಲ. ಅನ್ಯಾಯಕ್ಕೆ ಒಳಗಾದವನೇ ಅದನ್ನು ಅನ್ಯಾಯವೆಂದು ಅರಿಯದಿದ್ದಾಗ, ಮಾಡಿದವನ ಹೊಣೆ ಕಡಿಮೆಯಾಗುವುದೇ? ನಿವೃತ್ತಿಯ ಬಿಡುವಿನಲ್ಲಿ ನಮ್ಮನ್ನು ಕಾಡುತ್ತಿರುವ ಪ್ರಶ್ನೆ ಇದು.

ಅಕ್ಕಲಕೋಟೆ ತಾಲೂಕಿನ ಕನ್ನಡ ಮಾಧ್ಯಮದ ಶಾಲೆಯೊಂದಕ್ಕೆ ನಾವು ಇತಿಹಾಸ ಮತ್ತು ಕನ್ನಡ ಕಲಿಸಲೆಂದು ಸೇರಿದೆವು. ಕ್ರೀಡಾ ಶಿಕ್ಷಕರ ಹುದ್ದೆ ಖಾಲಿಯಿತ್ತು. ಎಲ್ಲರಿಗಿಂತ ಕಿರಿಯರೆಂಬ ಒಂದೇ ಅರ್ಹತೆಯ ಮೇಲೆ ಸೀಟಿ ನಮ್ಮ ಕೊರಳಿಗೆ ಬಿತ್ತು. ವಾರಕ್ಕೆ ಎರಡು ತಾಸು. ‘ದಕ್ಷ, ವಿಶ್ರಾಮ’ ಎಂದು ಮರಾಠಿಯಲ್ಲಿ ಆಜ್ಞೆ ಕೊಡುವುದು (ಕನ್ನಡ ಶಾಲೆಯಲ್ಲಿಯೂ ಮೈದಾನದ ಭಾಷೆ ಮರಾಠಿಯೇ ಆಗಿತ್ತು, ಇದರ ಬಗ್ಗೆ ಬೇರೊಂದು ಲೇಖನವನ್ನೇ ಬರೆಯಬಹುದು), ಎರಡು ಸುತ್ತು ಓಡಿಸುವುದು, ಅನಂತರ ಖೋ ಖೋ. ತಂಡಕ್ಕೆ ಹನ್ನೆರಡು ಮಂದಿ ಸಾಕು. ಚುರುಕಾದ ಹನ್ನೆರಡು ಮಕ್ಕಳನ್ನು ಆರಿಸಿಕೊಂಡ ಮೇಲೆ ಉಳಿದ ನಲವತ್ತಕ್ಕೆ ನಮ್ಮಲ್ಲಿ ಕೆಲಸಗಳಿದ್ದವು: ಕಲ್ಲು ಆರಿಸುವುದು, ನೀರು ಚಿಮುಕಿಸುವುದು, ಗೆರೆಗೆ ಸುಣ್ಣ ಹಾಕುವುದು, ಚಪ್ಪಾಳೆ ತಟ್ಟುವುದು.

ಸುಣ್ಣ ಹಾಕುವುದರಲ್ಲಿ ಒಬ್ಬ ಹುಡುಗ ನಿಪುಣನಾಗಿದ್ದ. ಎಂಟನೆಯ ಇಯತ್ತೆಯಿಂದ ಹತ್ತರವರೆಗೆ ಮೂರು ವರ್ಷವೂ ಅವನದೇ ಆ ಕೆಲಸ. ದಾರ ಹಿಡಿಯದೆ, ಬರಿಗಣ್ಣಿನಿಂದ, ಕಂಬದಿಂದ ಕಂಬಕ್ಕೆ ನೇರ ಗೆರೆ ಎಳೆಯುತ್ತಿದ್ದ. ನಾವು ಅವನನ್ನು ಎಲ್ಲರೆದುರು ಹೊಗಳುತ್ತಿದ್ದೆವು. ಹೊಗಳಿಕೆಯಿಂದ ಅವನ ಋಣ ತೀರಿತೆಂದು ಭಾವಿಸಿದ್ದೆವು. ಇಪ್ಪತ್ತು ವರ್ಷಗಳ ಮೇಲೆ, ನಾವು ಮುಖ್ಯಾಧ್ಯಾಪಕರಾಗಿದ್ದಾಗ, ಒಂದು ಸೋಮವಾರ ಅಕ್ಕಲಕೋಟೆಯ ಪೇಟೆಯಲ್ಲಿ ಅವನು ಎದುರಾದ. ಜೊತೆಗೆ ಎಂಟೊಂಬತ್ತು ವರ್ಷದ ಮಗ. ಕೈಯಲ್ಲಿ ಹೊಸದಾಗಿ ಕೊಂಡ ರಬ್ಬರ್ ಚೆಂಡು. ನಮಸ್ಕರಿಸಿ, ನಗುನಗುತ್ತಲೇ ಅಂದ: “ಗುರುಗಳ, ಮಗ ಚಂಡು ಒಗೀಲಿಕ್ಕ ಕಲಸು ಅಂತಾನ್ರಿ. ನನಗ ಬಂದ್ರಲ್ಲ ಕಲಸೂದು? ನೀವು ನನಗ ಸುಣ್ಣ ಹಾಕೂದಷ್ಟ ಕಲಿಸಿದ್ರಿ.”

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾವು ಮರೆತುಬಿಡುತ್ತಿದ್ದೆವು.

ಒಗೆಯುವುದು ಕಲಿಸಬೇಕಾದ ವಿದ್ಯೆಯೇ? ಹಕ್ಕಿಗೆ ಹಾರಾಟ ಬಂದಂತೆ ಮನುಷ್ಯನಿಗೆ ಅದು ತಾನಾಗಿಯೇ ಬರುತ್ತದೆಯಲ್ಲವೇ? ಅಂದು ಮನೆಗೆ ಬಂದವರು ಮರುವಾರದಿಂದ ಮಕ್ಕಳನ್ನು ಗಮನಿಸತೊಡಗಿದೆವು. ಬಲಗೈಯಿಂದ ದೂರ ಎಸೆಯಬಲ್ಲ ಮಗು ಎಸೆಯುವ ಮುನ್ನ ಎಡಗಾಲನ್ನು ಮುಂದಿಡುತ್ತದೆ. ಸೊಂಟ ತಿರುಗುತ್ತದೆ, ಅದರ ಹಿಂದೆ ಹೆಗಲು, ಹೆಗಲಿನ ಹಿಂದೆ ತೋಳು. ಕಲಿಯದ ಮಗು ಕಾಲನ್ನು ಕದಲಿಸುವುದೇ ಇಲ್ಲ. ಕದಲಿಸಿದರೂ ಬಲಗಾಲನ್ನೇ ಮುಂದಿಟ್ಟು ಮೊಣಕೈಯಿಂದ ಚೆಂಡನ್ನು ತಳ್ಳುತ್ತದೆ. ಹಿಡಿಯುವಾಗ ಮುಖ ತಿರುಗಿಸಿ, ಕಣ್ಣು ಮುಚ್ಚಿ, ಎರಡೂ ತೋಳುಗಳಿಂದ ಎದೆಗೆ ಅವಚಿಕೊಳ್ಳಲು ನೋಡುತ್ತದೆ. ಇದನ್ನು ದಡ್ಡತನವೆನ್ನಲಾಗದು. ಗಟ್ಟಿ ಚೆಂಡಿನ ಭಯ ಮತ್ತು ಯಾರೂ ತೋರಿಸಿಕೊಡದಿರುವುದು, ಇವೆರಡೇ ಕಾರಣ. ನೆಲದ ಮೇಲೆ ಸುಣ್ಣದಿಂದ ಒಂದು ಪಾದದ ಗುರುತು ಬರೆದು ‘ಎಡಗಾಲು ಇಲ್ಲಿ’ ಎಂದರೆ ಹದಿನೈದು ದಿನಗಳಲ್ಲಿ ಬಹುಪಾಲು ಮಕ್ಕಳ ಎಸೆತ ಬದಲಾಗುತ್ತದೆ. ಇಷ್ಟು ಸಣ್ಣ ವಿಷಯಕ್ಕಾಗಿ ನಾವು ಅವರನ್ನು ವರ್ಷಗಟ್ಟಲೆ ಬೇವಿನ ನೆರಳಿಗೆ ಅಟ್ಟಿದ್ದೆವು! ವರ್ನ್ ಸೀಫೆಲ್ಡ್ ಎಂಬ ಅಮೆರಿಕದ ವಿದ್ವಾಂಸರು 1980ರಲ್ಲಿಯೇ, ಓಟ ಜಿಗಿತ ಎಸೆತಗಳಂತಹ ಮೂಲ ಚಲನೆಗಳು ಒಂದು ಹಂತಕ್ಕೆ ಮಾಗದಿದ್ದರೆ ಮಗುವಿಗೆ ಮುಂದಿನ ಆಟಗಳ ದಾರಿಯಲ್ಲಿ ಒಂದು ತಡೆ ಎದುರಾಗುತ್ತದೆ ಎಂಬ ವಿಚಾರವನ್ನು ಮಂಡಿಸಿದ್ದರೆಂದು ಬಹಳ ತಡವಾಗಿ ಓದಿದೆವು. ಆ ತಡೆಯನ್ನು ಕಟ್ಟಿದವರಲ್ಲಿ ನಾವೂ ಒಬ್ಬರು.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಜೋಳ ತೆನೆಗಟ್ಟಿದಾಗ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಲು ಅಜ್ಜ ಮೊಮ್ಮಗನಿಗೆ ಕೈ ಹಿಡಿದು ಕಲಿಸುತ್ತಿದ್ದ. ‘ನಿನಗೆ ಬಾರದು, ಬಿಡು’ ಎನ್ನುವ ಸ್ಥಿತಿಯಲ್ಲಿ ಅವನಿರಲಿಲ್ಲ, ಹೊಲ ಹಕ್ಕಿಗಳ ಪಾಲಾಗುತ್ತಿತ್ತು. ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಹೊತ್ತು ತುಳುಕಿಸದೆ ನಡೆಯುವ ಹುಡುಗಿಯ ಸಮತೋಲ ಹುಟ್ಟಿನಿಂದ ಬಂದದ್ದಲ್ಲ. ಮೊದಲು ಚಿಕ್ಕ ತಂಬಿಗೆ, ಆಮೇಲೆ ಬಿಂದಿಗೆ, ಆಮೇಲೆ ಕೊಡ. ಇದೇ ಹುಡುಗಿ ಶಾಲೆಯ ಮೈದಾನಕ್ಕೆ ಬಂದರೆ ನಾವು ಅವಳನ್ನು ‘ಆಟ ಬಾರದವಳು’ ಎಂದು ರಂಗೋಲಿ ಹಾಕಲು ಕಳಿಸುತ್ತಿದ್ದೆವು. ಒಗೆ, ಎಸೆ, ತೂರು, ಬೀಸು ಎಂದು ಒಂದು ತೋಳಿನ ಚಲನೆಗೆ ಇಷ್ಟು ಮಾತುಗಳನ್ನು ಇಟ್ಟುಕೊಂಡ ನುಡಿ ನಮ್ಮದು. ಮೈದಾನದಲ್ಲಿ ಮಾತ್ರ ನಮಗೆ ದಕ್ಷ-ವಿಶ್ರಾಮಗಳಾಚೆ ಮಾತು ಹೊರಡಲಿಲ್ಲ.

ಸೌಕರ್ಯವಿರಲಿಲ್ಲ ಎಂಬ ಸಮಾಧಾನ ಹೇಳಿಕೊಳ್ಳಬಹುದು. ತಾಸು ಎಂದರೆ ನಲವತ್ತು ನಿಮಿಷ, ಐವತ್ತೆರಡು ಮಕ್ಕಳು, ಒಂದು ಚೆಂಡು. ಸರಿಯಾಗಿ ಹಂಚಿದರೂ ಒಬ್ಬನಿಗೆ ಒಂದು ನಿಮಿಷ ದಕ್ಕದು, ಹಂಚುವವರಾದರೂ ಯಾರು? ಆದರೆ ಸೊಲ್ಲಾಪುರದ ಚಾದರದ ಮಗ್ಗಗಳಿಂದ ಹೊರಬೀಳುವ ನೂಲಿನ ತ್ಯಾಜ್ಯ ನಮ್ಮೂರಿನ ಸಂತೆಯಲ್ಲಿಯೂ ಸಿಗುತ್ತಿತ್ತು, ದರ್ಜಿಗಳ ಅಂಗಡಿಯಲ್ಲಿ ಚಿಂದಿಗೆ ಬರವಿರಲಿಲ್ಲ. ಹಳೆಯ ಕಾಲುಚೀಲಕ್ಕೆ ಅದನ್ನು ತುಂಬಿ ಹೊಲಿದು ಪ್ರತಿ ಮಗುವೂ ತನ್ನ ಚೆಂಡನ್ನು ತಾನೇ ಮಾಡಿಕೊಂಡಿತು. ಮೆತ್ತಗಿನ ಚೆಂಡು, ಮೂಗಿಗೆ ಬಡಿದರೂ ನಗು. ಕಣ್ಣು ಮುಚ್ಚುವ ರೂಢಿ ಮೊದಲು ಬಿಟ್ಟುಹೋದದ್ದು ಅದರಿಂದಲೇ. ಆದ್ದರಿಂದ ಬಡತನದ ಮೇಲೆ ತಪ್ಪು ಹೊರಿಸಲು ನಮಗೆ ಮುಖವಿಲ್ಲ. ಯುನೆಸ್ಕೋ ಸಂಸ್ಥೆ 1978ರಲ್ಲಿಯೇ ದೈಹಿಕ ಶಿಕ್ಷಣ ಎಲ್ಲರ ಮೂಲಭೂತ ಹಕ್ಕು ಎಂದು ಸನ್ನದು ಹೊರಡಿಸಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗೆ ಆಟದ ಮೈದಾನ ಇರಲೇಬೇಕೆಂದಿತು. ಮೈದಾನ ನಮ್ಮಲ್ಲಿ ಮೊದಲೇ ಇತ್ತು. ಅದರ ಅಂಚಿನಲ್ಲಿ ನಲವತ್ತು ಮಕ್ಕಳು ಕುಳಿತಿದ್ದರು, ಅಷ್ಟೆ.

ಖೋ ಖೋ ಆಟದಲ್ಲಿಯೂ ಕುಳಿತವರಿದ್ದಾರೆ. ಬೆನ್ನಟ್ಟುವ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಒಬ್ಬರು ಅತ್ತ, ಒಬ್ಬರು ಇತ್ತ ಮುಖ ಮಾಡಿ ಕುಳಿತಿರುತ್ತಾರೆ. ಆದರೆ ಹಿಂದಿನಿಂದ ‘ಖೋ’ ಬೀಳುವುದೆಂಬ ನಂಬಿಕೆಯಿಂದ ಕುಳಿತಿರುತ್ತಾರೆ. ನಮ್ಮ ನಲವತ್ತು ಮಕ್ಕಳಿಗೆ ಆ ನಂಬಿಕೆಯನ್ನು ನಾವು ಕೊಟ್ಟಿರಲಿಲ್ಲ.

ಹೀಗೇಕೆ ಮಾಡಿದೆವು? ಇಲ್ಲಿ ಸಮ್ಮೇಳನಕ್ಕೆ ಬಂದಿರುವ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಲೂಕು ಪಂದ್ಯಗಳಲ್ಲಿ ದೊಡ್ಡ ದೊಡ್ಡ ಮರಾಠಿ ಶಾಲೆಗಳ ನಡುವೆ ನಮ್ಮದೊಂದು ಪುಟ್ಟ ಕನ್ನಡ ಶಾಲೆ. ಢಾಲು ಗೆದ್ದು ಟೆಂಪೋದಲ್ಲಿ ಊರಿಗೆ ಮರಳಿದ ಸಂಜೆ ಹಲಗೆ ಬಾರಿಸಿ ಬರಮಾಡಿಕೊಂಡದ್ದು ಹನ್ನೆರಡು ಮಕ್ಕಳನ್ನಷ್ಟೇ ಅಲ್ಲ. ಮಕ್ಕಳನ್ನು ಕನ್ನಡ ಶಾಲೆಗೆ ಹಾಕಿ ತಪ್ಪು ಮಾಡಿದೆವೇನೋ ಎಂದು ಅಳುಕುತ್ತಿದ್ದ ತಂದೆತಾಯಿಗಳು ಅಂದು ತಲೆಯೆತ್ತಿ ನಡೆದರು. ಪಟ್ಟಿಯಲ್ಲಿ ಹೆಸರು ಕಡಿಮೆಯಾದರೆ ತುಕಡಿಯೇ ಮುಚ್ಚುವ ಸ್ಥಿತಿಯಲ್ಲಿ ಒಂದು ಢಾಲು ಎಷ್ಟು ತೂಗುತ್ತದೆಂಬುದನ್ನು ಗಡಿಯಾಚೆಯವರು ಸುಲಭವಾಗಿ ಅರಿಯಲಾರರು. ಆ ಹೆಮ್ಮೆ ಸುಳ್ಳಲ್ಲ. ಆದರೂ ಸಮುದಾಯದ ಮಾನಕ್ಕಾಗಿ ಮಗುವಿನ ಕಲಿಕೆಯನ್ನು ಒತ್ತೆಯಿಡುವ ಅಧಿಕಾರ ಶಿಕ್ಷಕನಿಗಿದೆಯೇ? ಇಲ್ಲವೆಂದೇ ನಮ್ಮ ತೀರ್ಮಾನ. ಮಾನ ದೊಡ್ಡವರದು, ಕಳೆದುಹೋದ ತಾಸು ಮಗುವಿನದು.

ಈ ತೀರ್ಮಾನಕ್ಕೂ ಬೆಲೆ ತೆರಬೇಕಾಯಿತು, ತೆತ್ತವರು ನಾವಲ್ಲ. ನಮ್ಮ ನಿವೃತ್ತಿಗೆ ಎರಡು ವರ್ಷವಿದ್ದಾಗ, ತಾಲೂಕು ಪಂದ್ಯಕ್ಕೆ ಮುಂಚಿನ ಒಂದು ತಿಂಗಳ ತಾಸುಗಳನ್ನೆಲ್ಲ ತಂಡಕ್ಕೇ ಬಿಟ್ಟುಕೊಡಬೇಕೆಂದು ಕ್ರೀಡಾ ಶಿಕ್ಷಕರು ಕೇಳಿದರು. ನಾವು ಒಪ್ಪಲಿಲ್ಲ. ಹುಡುಗಿಯರ ತಂಡ ಮೊದಲ ಸುತ್ತಿನಲ್ಲಿಯೇ ಸೋತಿತು. ಶಾಲಾ ಸಮಿತಿಯ ಸಭೆಯಲ್ಲಿ ‘ಕನ್ನಡದ ಮಾನ ಕಳೆದಿರಿ’ ಎಂಬ ಮಾತು ಬಂತು, ಅದನ್ನು ನುಂಗಿಕೊಂಡೆವು. ಆದರೆ ತಂಡದ ನಾಯಕಿ ಕಚೇರಿಯ ಬಾಗಿಲಲ್ಲಿ ಬಂದು ನಿಂತಳು. ಒಳ್ಳೆಯ ಆಟಗಾರ್ತಿ. ಅವಳ ತಂದೆಗೆ ಭೂಮಿಯಿರಲಿಲ್ಲ. ಜಿಲ್ಲೆಯ ತಂಡಕ್ಕೆ ಆಯ್ಕೆಯಾಗಿ, ಮುಂದೆ ಕ್ರೀಡಾ ಮೀಸಲಾತಿಯಲ್ಲಿ ಪೊಲೀಸ್ ನೌಕರಿ ಹಿಡಿಯಬೇಕೆಂಬ ಆಸೆ ಇತ್ತು.

“ಸರ್, ಅವರಿಗೆ ಕಲಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ತಾಸ ಯಾಕ ಕಸಗೊಂಡ್ರಿ?” ಎಂದಳು.

ಅದು ನಿಮ್ಮ ತಾಸಲ್ಲ, ಐವತ್ತೆರಡು ಮಕ್ಕಳ ತಾಸು ಎಂಬ ಉತ್ತರ ನಾಲಗೆಯ ತುದಿಗೆ ಬಂದಿತ್ತು. ತರ್ಕಕ್ಕೆ ಅದು ಸರಿ. ಆದರೆ ಅವಳ ಪ್ರಶ್ನೆಯಲ್ಲಿ ನಮಗೆ ಹೊಳೆಯದಿದ್ದ ಒಂದು ಸಾದಾ ಸಂಗತಿಯಿತ್ತು: ದಿನಕ್ಕೆ ಶಾಲೆಯ ತಾಸುಗಳಷ್ಟೇ ಇರುವುದಿಲ್ಲ. ಹಾಜರಿಗೆ ಮುನ್ನ ಮೈದಾನ ಬೆಳಗಿನಿಂದ ಖಾಲಿ ಬಿದ್ದಿರುತ್ತಿತ್ತು; ಗೇಟಿನ ಕೀಲಿ ನಮ್ಮ ಮೇಜಿನಲ್ಲಿಯೇ ಇತ್ತು. ಒಂದು ಅನ್ಯಾಯವನ್ನು ತಿದ್ದುವ ಉತ್ಸಾಹದಲ್ಲಿ, ಅರ್ಧ ತಾಸು ಮೊದಲು ಏಳುವ ಶ್ರಮವನ್ನು ನಾವು ಉಳಿಸಿಕೊಂಡಿದ್ದೆವು.

ಮರುವರ್ಷದ ಜೂನ್‌ನಿಂದ ಬೆಳಿಗ್ಗೆ ಆರೂವರೆಗೆ ಗೇಟು ತೆರೆಸಿದೆವು. ಅಷ್ಟರಲ್ಲಿ ಅವಳು ಹತ್ತನೆಯ ಇಯತ್ತೆ ಮುಗಿಸಿ ಶಾಲೆ ಬಿಟ್ಟಿದ್ದಳು.