ಸಾಹಿತ್ಯವೋ, ಭಾಷಾವಿಜ್ಞಾನವೋ?

ಬಿ.ಎ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮೇಲೆ ಹದಿನೈದು ದಿನ ಅಧ್ಯಾಪಕರಿಗೆಲ್ಲ ಜ್ಯೋತಿಷಿಯ ಪದವಿ ಪ್ರಾಪ್ತವಾಗುತ್ತದೆ. ಮುಂದೇನು ಓದಬೇಕು, ಓದಿದರೆ ನೌಕರಿ ಸಿಕ್ಕುವುದೆ ಎಂದು ಕೇಳುವವರೇ ಹೆಚ್ಚು. ಉರಿಗಾಮಿನ ವಿದ್ಯಾರ್ಥಿನಿಯೊಬ್ಬಳು ಈ ಸಲ ಕೇಳಿದ ಪ್ರಶ್ನೆ ಮಾತ್ರ ಆ ಜಾತಿಯದಲ್ಲ. ಮನೆಮಾತು ತಮಿಳು; ತಾತ ಚಿನ್ನದ ಗಣಿಯಲ್ಲಿ ದುಡಿದವರು; ಕನ್ನಡವನ್ನು ಶಾಲೆಯಲ್ಲಿ ಕಲಿತು, ಕಲಿತ ಮೇಲೆ ಅದಕ್ಕೆ ಒಲಿದವಳು. "ಕನ್ನಡ ಎಂ.ಎ.ಗೆ ಸೇರಲೋ, ಮೈಸೂರಿಗೆ ಹೋಗಿ ಭಾಷಾವಿಜ್ಞಾನ ಓದಲೋ, ಸಾರ್? ಕಾವ್ಯ ಓದಿದರೆ ಮನಸ್ಸಿಗೆ ಹಿತವಾಗುತ್ತೆ. ಆದರೆ ನಮ್ಮ ಪಾಟಿ ಆಡುವ ಮಾತು ಯಾವ ಪುಸ್ತಕದಲ್ಲೂ ಇಲ್ಲವಲ್ಲ" ಎಂದಳು.

ಎರಡೂ ಒಂದೇ ಮರದ ಕೊಂಬೆಗಳು, ಯಾವುದಾದರೂ ಸರಿ ಎಂದುಬಿಡುವುದು ಸುಲಭ. ನನಗದು ನಿಜವೆಂದು ತೋರುವುದಿಲ್ಲ. ಸಾಹಿತ್ಯ ಆರಿಸುವ ವಿದ್ಯೆ. ನೂರು ಪದ್ಯಗಳಲ್ಲಿ ತೊಂಬತ್ತೊಂಬತ್ತನ್ನು ಬದಿಗಿಟ್ಟು ಒಂದನ್ನು ಎದೆಗೊತ್ತಿಕೊಳ್ಳುವ ಧೈರ್ಯ ರಸಿಕನಿಗೆ ಬೇಕು. ಭಾಷಾವಿಜ್ಞಾನಕ್ಕೆ ಆರಿಸುವ ಅಧಿಕಾರವಿಲ್ಲ. ಪಂಪನ ಚಂಪೂವೂ ನಲ್ಲಿಯ ಬಳಿ ಕೊಡಕ್ಕಾಗಿ ನಡೆಯುವ ಜಗಳವೂ ಅದರ ತಕ್ಕಡಿಯಲ್ಲಿ ಸಮ. ನಾವು ಕೆಂಪು ಶಾಯಿಯಲ್ಲಿ ತಪ್ಪೆಂದು ಗೀಟು ಹಾಕುವ ಮಾತಿನ ಮುಂದೆ ಅದು ನಿಂತು, 'ಹೀಗೆನ್ನುವವರು ಯಾರು? ಯಾವಾಗ ಹೀಗೆನ್ನುತ್ತಾರೆ?' ಎಂದು ವಿನಯದಿಂದ ಕೇಳುತ್ತದೆ. ಸಾಹಿತ್ಯದವರಾದ ನಮಗೆ ಅಷ್ಟು ಸುಲಭವಾಗಿ ಬಾರದ ಒಂದು ನ್ಯಾಯಬುದ್ಧಿ ಇದರಲ್ಲಿದೆ.

ಈ ನ್ಯಾಯ ಉರಿಗಾಮಿಗೆ ಸಲ್ಲಬೇಕಾಗಿದೆ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಗಣಿಗಾರಿಕೆಗೆ ಕೈಹಾಕಿದ ಮೇಲೆ ತಮಿಳು ಜಿಲ್ಲೆಗಳಿಂದಲೂ ತೆಲುಗು ಸೀಮೆಯಿಂದಲೂ ಬಂದವರು ಇಲ್ಲಿಯ ಲೈನು ಮನೆಗಳಲ್ಲಿ ಒತ್ತೊತ್ತಾಗಿ ನೆಲಸಿದರು. ಕೋಲಾರ ಸೀಮೆಯ ಕನ್ನಡ, ತೆಲುಗು, ಉರ್ದು, ದೊರೆಗಳ ಇಂಗ್ಲಿಷು ಎಲ್ಲವೂ ಅವರ ತಮಿಳಿಗೆ ತಾಗಿದವು. 3 ಕಿಲೊಮೀಟರಿಗೂ ಆಳ ಇಳಿದ ಗಣಿಯಲ್ಲಿ ಬಂಡೆ ಸಿಡಿಯುವುದಕ್ಕೆ 'ಏರ್‌ಬ್ಲಾಸ್ಟ್' ಎಂಬ ಹೆಸರಿತ್ತು; ಗಾಳಿಗೂ ಅದಕ್ಕೂ ಸಂಬಂಧವಿಲ್ಲ, ಒತ್ತಡ ತಾಳದೆ ಕಲ್ಲೇ ಒಡೆಯುವುದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಕ್ಕಳು ಮೊಮ್ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಅವರ ಮಾತು ಬೇರೆಯಾಗುತ್ತಿದೆ. 941ರಲ್ಲಿ 'ಆದಿಪುರಾಣ' ಬರೆದ ಪಂಪ ಇನ್ನೆರಡು ವರ್ಷ ಕಾಯಬಲ್ಲ. ಎಂಬತ್ತು ದಾಟಿದ ಪಾಟಿ ಕಾಯಲಾರರು. ಮೈಸೂರಿಗೆ ಹೋಗಮ್ಮ ಎಂದೆ.

ನನ್ನ ಸಹೋದ್ಯೋಗಿಯೊಬ್ಬರಿಗೆ ಇದು ಸರಿಬರಲಿಲ್ಲ. ಗಡಿನಾಡಿನಲ್ಲಿ ಕನ್ನಡ ಮೊದಲೇ ತೆಳುವು; ಪ್ರೀತಿಯಿಂದ ಕನ್ನಡಕ್ಕೆ ಬಂದ ಒಬ್ಬಳನ್ನು, ಕನ್ನಡದ ಅನ್ನ ತಿನ್ನುವ ನೀವೇ ತಮಿಳು ಬರೆದುಕೊಳ್ಳಲು ಕಳಿಸಿದಿರಾ ಎಂದರು. ಅವರ ಸಂಕಟ ಸುಳ್ಳಲ್ಲ. ಆದರೆ ಮನೆಯ ಮಾತನ್ನು ಹೊಸ್ತಿಲಾಚೆ ಬಿಟ್ಟು ಬಾ ಎಂದು ಷರತ್ತು ಹಾಕಿ ಪಡೆದ ಪ್ರೀತಿ ಕನ್ನಡಕ್ಕೆ ಗೌರವ ತರುವಂಥದೆ? ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರ ಮನೆಮಾತೂ ತಮಿಳೇ. ಇಂಗ್ಲಿಷ್ ಸಾಹಿತ್ಯ ಓದಿ, ಅದನ್ನೇ ಪಾಠ ಹೇಳಿ, ಆಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಭಾಷಾವಿಜ್ಞಾನ ಹಿಡಿದು, 1963ರಲ್ಲಿ ತಮಿಳಿನ ವ್ಯಾಕರಣವನ್ನು ಕುರಿತೇ ಡಾಕ್ಟರೇಟ್ ಪಡೆದರು. ಅದೇ ಕೈ 1969ರಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' ಎಂಬ ಕನ್ನಡ ಕವನಸಂಗ್ರಹವನ್ನು ಕೊಟ್ಟಿತು. 1973ರಲ್ಲಿ ವಚನಗಳನ್ನು ಇಂಗ್ಲಿಷ್ ಓದುಗರ ಮುಂದಿಟ್ಟಿತು. ಕನ್ನಡಕ್ಕೆ ನಷ್ಟವಾಯಿತೆ? (ಎಲ್ಲರೂ ರಾಮಾನುಜನ್ ಆಗುವುದಿಲ್ಲ ಎಂದು ಸಹೋದ್ಯೋಗಿ ಗೊಣಗಿದ್ದೂ ನಿಜವೇ.)

ನನ್ನನ್ನು ಕಾಡುವ ಅಳುಕು ಬೇರೆ. ಗಣಿಯೊಳಗೆ ಗಂಡನನ್ನು ಕಳೆದುಕೊಂಡ ಮುದುಕಿ ಆ ರಾತ್ರಿಯ ಕಥೆ ಹೇಳುತ್ತಾಳೆ ಎನ್ನಿ. ಎದುರಿಗೆ ಧ್ವನಿಮುದ್ರಣದ ಯಂತ್ರ. ಆಕೆ 'ಏರ್‌ಬ್ಲಾಸ್ಟ್' ಎನ್ನುವಾಗ ಕೊನೆಗೆ ಸ್ವರ ಸೇರಿತೆ ಇಲ್ಲವೆ ಎಂದು ಕೇಳುವವಳು ಗುರುತು ಹಾಕಿಕೊಳ್ಳುತ್ತಾಳೆ. ಗುರುತು ಸರಿಯಾಗಿಯೇ ಇರಬಹುದು. ಆ ಶಬ್ದವಾದ ಮೇಲೆ ಮುದುಕಿ ಒಂದು ಗಳಿಗೆ ಮಾತು ನಿಲ್ಲಿಸಿದ್ದು ಗಮನಕ್ಕೆ ಬಾರದಿದ್ದರೆ, ಆಕೆಯ ಮಾತನ್ನು ಕೇಳಿದಂತಾಯಿತೆ, ಆಕೆಯನ್ನು ಬಳಸಿಕೊಂಡಂತಾಯಿತೆ? ಆ ಮೌನವನ್ನು ಕೇಳುವ ಕಿವಿಯನ್ನು ಕಾವ್ಯವಲ್ಲದೆ ಬೇರೆ ಯಾವ ಶಾಸ್ತ್ರ ಕೊಟ್ಟೀತೋ ನಾನರಿಯೆ. ಕುಮಾರವ್ಯಾಸನನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋಗು ಎಂದು ಹೇಳಿದ್ದು ಅದಕ್ಕಾಗಿಯೇ.

ಈ ಎರಡು ಮನೋಧರ್ಮಗಳು ಒಂದೇ ಮನೆಯಲ್ಲಿ ಬಾಳಿದ್ದುಂಟು. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನ ಕವಿಗಳ ಪದ್ಯಗಳನ್ನು ಆಯ್ದು 'ಸೂಕ್ತಿಸುಧಾರ್ಣವ'ವನ್ನು ಕಟ್ಟಿದ. ಅವನ ಮಗ ಕೇಶಿರಾಜ ಕನ್ನಡ ಶಬ್ದದ ನಿಯಮಗಳನ್ನು 'ಶಬ್ದಮಣಿದರ್ಪಣ'ದಲ್ಲಿ ಹೇಳಿದ. ನಿಯಮಕ್ಕೆ ಉದಾಹರಣೆ ಬೇಕಾದಾಗಲೆಲ್ಲ ಮಗನೂ ಕೈಚಾಚಿದ್ದು ಕವಿಗಳ ಕಡೆಗೇ. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ನಮಗೆ ಸಿಕ್ಕಿಲ್ಲ. ಇಂಥ ಸಂಕಲನಕಾರರೂ ಲಾಕ್ಷಣಿಕರೂ ಎತ್ತಿಕೊಂಡ ಪದ್ಯಗಳಿಂದಷ್ಟೇ ಆ ಕವಿಯ ಪರಿಚಯ. ಕೇಶಿರಾಜ ತಾನೂ 'ಚೋಳಪಾಲಕ ಚರಿತ', 'ಸುಭದ್ರಾಹರಣ', 'ಪ್ರಬೋಧಚಂದ್ರ' ಮೊದಲಾದ ಕಾವ್ಯಗಳನ್ನು ರಚಿಸಿದುದಾಗಿ ಹೇಳಿಕೊಂಡಿದ್ದಾನೆ. ಅವುಗಳಲ್ಲಿ ಒಂದೂ ದೊರೆತಿಲ್ಲ. ದೊರೆತಿರುವುದು ವ್ಯಾಕರಣ, ಅದರೊಳಗೆ ಬೇರೆ ಕವಿಗಳ ಪದ್ಯಗಳು.