ಕೊಟ್ಟ ಮಾತು, ಕಾರ್ಡಿನ ಬೆಲೆ

ಹೋದ ದೀಪಾವಳಿಗೆ ಪುಣೆಯಿಂದ ಬಂದಿದ್ದ ನನ್ನ ಮಗಳ ಮಗ ಪಡಸಾಲಿಯೊಳಗ ಕುಂತು ಕಂಪ್ಯೂಟರಿನಾಗ ಎಲಿ ಆಡುತ್ತಿದ್ದ. ಹಬ್ಬದಾಗ ಇಸ್ಪೀಟ್ ಆಡೋದು ನಮ್ಮೂರಿಗೆ ಹೊಸದಲ್ಲ. ಆದರ ಇಂವ ಆಡೋದಕ್ಕಿಂತ ಮಾರೋದು ಕೊಳ್ಳೋದೇ ಹೆಚ್ಚು ಮಾಡುತ್ತಿದ್ದ. "ಏನೋ ತಮ್ಮಾ, ಎಲಿಗೂ ಪ್ಯಾಟಿ ಐತೇನು?" ಅಂದೆ. "ಐತಿ ಮುತ್ಯಾ, ಸೊಲ್ಲಾಪುರದ ಉಳ್ಳಾಗಡ್ಡಿ ಪ್ಯಾಟಿಗಿಂತ ಚುರುಕು ಐತಿ" ಅಂದ. ಅವತ್ತು ರಾತ್ರಿ ಎರಡು ತಾಸು ನನಗ ಆ ಪ್ಯಾಟಿಯ ಲೆಕ್ಕ ಬಿಡಿಸಿ ಹೇಳಿದ. ಲೆಕ್ಕ ತಿಳೀತು. ತಿಳಿದ ಮ್ಯಾಲೆ ಒಂದು ಪ್ರಶ್ನೆ ನನ್ನ ಕೊರಳಿಗೆ ಬಿತ್ತು. ಕೊಟ್ಟರೂ ತನ್ನಲ್ಲಿ ಕಡಿಮೆಯಾಗದ ವಸ್ತುವನ್ನು, ಬೆಲೆ ಇಳಿಯಬಾರದು ಅನ್ನೋದಕ್ಕಾಗಿ ಕೊಡದೆ ಇಟ್ಟುಕೊಳ್ಳೋದು ತಪ್ಪೋ ಅಲ್ಲೋ? ಕೊಡೋದಿಲ್ಲ ಅಂತ ಯಾರಿಗೋ ಮಾತು ಕೊಟ್ಟಿದ್ದರ ಏನು ಮಾಡಬೇಕು?

ಮೊದಲು ಆಟ ತಿಳಿಸುತ್ತೇನೆ. ಹೆಸರು ಮ್ಯಾಜಿಕ್. ರಿಚರ್ಡ್ ಗಾರ್ಫೀಲ್ಡ್ ಅನ್ನೋ ಅಮೆರಿಕದ ಗಣಿತದವರು ಕಟ್ಟಿದ್ದು, ವಿಜರ್ಡ್ಸ್ ಆಫ್ ದ ಕೋಸ್ಟ್ ಅನ್ನೋ ಕಂಪನಿ 1993ರಾಗ ಅಚ್ಚು ಹಾಕಿದ್ದು. ಇಸ್ಪೀಟಿನಂಗ 52 ಎಲಿ ಎಲ್ಲರಿಗೂ ಒಂದೇ ಅಲ್ಲ. ಪ್ರತಿಯೊಬ್ಬ ತನ್ನ ಕಟ್ಟು ತಾನೇ ಕಟ್ಟಿಕೊಂಡು ಬರಬೇಕು, ಕಮ್ಮಿ ಅಂದರ 60 ಎಲಿ. ಒಂದೊಂದು ಎಲಿಗೂ ಒಂದೊಂದು ಶಕ್ತಿ. ಎಲಿಗಳು ಮುಚ್ಚಿದ ಪಾಕೀಟಿನಾಗ ಬರುತ್ತವೆ, ಒಳಗ ಏನೈತಿ ಅಂತ ಒಡೆಯೋ ತನಕ ಗೊತ್ತಿಲ್ಲ. 2024ರ ತನಕ ನಡೆದು ಬಂದ ಪಾಕೀಟಿನಾಗ 15 ಎಲಿ ಇರುತ್ತಿದ್ದವು, ಅದರಾಗ ಸಾಮಾನ್ಯವಾಗಿ ಒಂದೇ ಒಂದು ಅಪರೂಪದ್ದು. ಬೇಕಾದ ಎಲಿ ಪಾಕೀಟಿನಾಗ ಸಿಗದಿದ್ದರ ಇನ್ನೊಬ್ಬನ ಹತ್ತಿರ ಕೊಳ್ಳಬೇಕು. ಪ್ಯಾಟಿ ಹುಟ್ಟಿದ್ದೇ ಅಲ್ಲಿ.

2002ರಿಂದ ಇದೇ ಆಟ ಮ್ಯಾಜಿಕ್ ಆನ್‌ಲೈನ್ ಅಂತ ಕಂಪ್ಯೂಟರಿನಾಗೂ ನಡೆದಿದೆ. ಅಲ್ಲಿ ಕಾಗದ ಇಲ್ಲ, ಮಸಿ ಇಲ್ಲ, ಎಲಿ ಅಂದರ ಪರದೆ ಮ್ಯಾಲಿನ ಒಂದು ಚಿತ್ರ. ಆದರೂ ಅದನ್ನು ಕೊಳ್ಳಬೇಕು, ಮಾರಬಹುದು. ಕಂಪನಿಯ ಅಂಗಡಿಯಲ್ಲಿ ಒಂದು ಡಾಲರಿಗೆ ಒಂದು ಟಿಕೆಟ್ ಕೊಡುತ್ತಾರೆ. ಪಂದ್ಯಕ್ಕ ಸೇರಲಿಕ್ಕೆ ಮಾಡಿದ ಆ ಟಿಕೆಟ್ಟೇ ಆಟಗಾರರ ನಡುವೆ ರೊಕ್ಕ ಆಗಿ ಕುಂತಿದೆ. ಈ ಎಲಿ ನಾಲ್ಕು ಟಿಕೆಟ್, ಆ ಎಲಿ ಹದಿನೈದು ಅಂತ ದರ ನಡೆಯುತ್ತದೆ. ಕೊಡೋ ತಗೊಳ್ಳೋ ಕೆಲಸ ಬಹಳಷ್ಟು ಬಾಟ್ ಅನ್ನೋ ಯಂತ್ರದ ದಲಾಲರು ಮಾಡುತ್ತಾರೆ. ಇವರಿಗೆ ನಿದ್ದಿಲ್ಲ, ಚಹಾ ಬೇಡ, ಆದರ ನಡುವೆ ತಮ್ಮ ಪಾಲು ಇಟ್ಟುಕೊಳ್ಳೋದು ಮಾತ್ರ ನಮ್ಮ ಅಡತಿಯವರಂಗೇ.

ದರ ಏರೋದು ಇಳಿಯೋದು ಕೇಳಿದಾಗ ನನಗ ಖುಷಿ ಆಯ್ತು, ಯಾಕಂದರ ಅದು ಹೊಲದವರಿಗೆ ತಿಳಿಯೋ ಮಾತು. ಎಂಟು ಮಂದಿ ಪಂಗ್ತಿ ಕುಂತಂಗ ಕುಂತು, ತಲಾ ಮೂರು ಪಾಕೀಟು ಒಡೆದು, ಒಂದೊಂದೇ ಎಲಿ ಆರಿಸಿಕೊಂಡು ಉಳಿದದ್ದನ್ನು ಪಕ್ಕದವನಿಗೆ ದಾಟಿಸುತ್ತಾ ಹೋಗುವ ಪಂದ್ಯ ಒಂದಿದೆ. ಅದಕ್ಕ ಡ್ರಾಫ್ಟ್ ಅಂತಾರೆ. ಆಟ ಮುಗಿದ ಮ್ಯಾಲೆ ಎಲಿ ಅವರವರಿಗೇ. ಆ 15 ಎಲಿಯ ಪಾಕೀಟಿನ ಲೆಕ್ಕ ಹಾಕಿರಿ, 24 ಪಾಕೀಟು, 360 ಎಲಿ, ಒಂದೇ ಒಂದು ಪಂಗ್ತಿಯಿಂದ. ಹೊಸ ಎಲಿಗಳ ಸುಗ್ಗಿಯಾಗ ಇಂಥ ಪಂಗ್ತಿ ಹಗಲು ರಾತ್ರಿ ಏಳುತ್ತವೆ. ಆಡಿದವರಿಗೆ ಮುಂದಿನ ಪಂದ್ಯದ ಟಿಕೆಟ್ ಬೇಕು, ಬಂದ ಎಲಿ ಬಂದ ದರಕ್ಕ ಮಾರುತ್ತಾರೆ. ದರ ಬೀಳುತ್ತದೆ. ಆಮ್ಯಾಲೆ ಮುಂದಿನ ಹೊಸ ಎಲಿ ಬಂದಾಗ ಮಂದಿ ಅತ್ತ ಹೋಗುತ್ತಾರೆ, ಹಳೆಯದರ ಪಾಕೀಟು ಒಡೆಯೋರು ಇಲ್ಲ, ಆವಕ ನಿಲ್ಲುತ್ತದೆ. ಬೇಡಿಕೆ ಉಳಿದ ಎಲಿ ಮಾತ್ರ ಏರುತ್ತದೆ. ಒಂದು ಬಗೆಯ ಪಂದ್ಯದಾಗ ಹಳೇ ಎಲಿಗಳನ್ನು ವರ್ಷ ವರ್ಷ ಹೊರಗಿಡುತ್ತಾರೆ, ಆ ದಿನ ಹತ್ತಿರ ಬಂದಂಗ ದರ ಇಳಿಯುತ್ತದೆ. ಯಾವುದಾದರೂ ಎಲಿ ಬಹಳ ಬಲ ಅಂತ ಪಂದ್ಯದಿಂದ ತೆಗೆದು ಹಾಕಿದರ ಒಂದೇ ರಾತ್ರಿಯೊಳಗ ನೆಲ ಕಚ್ಚುತ್ತದೆ. ಕಂಪ್ಯೂಟರಿನಾಗ ಒಂದು ತಂಡದ ಎಲ್ಲ ಎಲಿ ಕೂಡಿಸಿಕೊಟ್ಟರ ಅದಕ್ಕ ಬದಲು ಕಾಗದದ ಎಲಿ ಮನಿಗೆ ಕಳಿಸುವ ಪದ್ಧತಿಯನ್ನೂ ಕಂಪನಿ ಇಟ್ಟಿತ್ತು. ಹಂಗಾಗಿ ಯಾರೂ ಆಡದ ಬಡ ಎಲಿಗೂ ಒಂದಿಷ್ಟು ಗಿರಾಕಿ, ಸಂಖ್ಯೆ ತುಂಬಿಸಲಿಕ್ಕೆ.

ನನ್ನ ಮೊಮ್ಮಗ ಸುಗ್ಗಿಯಾಗ ಕೊಂಡು, ಆವಕ ನಿಂತ ಮ್ಯಾಲೆ ಮಾರುತ್ತಾನೆ. ನಾನು ಸಿಟ್ಟಿಗೆದ್ದೆ. "ಉಳ್ಳಾಗಡ್ಡಿ ಕಡಿಮೆ ಬಂದರ ಮಳಿ ಕೈಕೊಟ್ಟಿತು ಅನ್ನಬಹುದು. ಕೊಳೀತೈತಿ ಅಂತ ನಾವು ಸಿಕ್ಕ ದರಕ್ಕ ಕೊಟ್ಟು ಬರತೀವಿ. ನಿಮ್ಮ ಎಲಿ ಕೊಳೆಯೋದಿಲ್ಲ, ಅದಕ್ಕ ಮಳಿ ಬೇಡ. ಕಂಪನಿಯವ ಬಟ್ಟು ಒತ್ತಿದರ ಲಕ್ಷ ಎಲಿ ಹುಟ್ಟುತಾವ. ಬರ ಇಲ್ಲದ ಕಡೆ ಬರ ಹುಟ್ಟಿಸಿ ಮಾರೋದು ಪಾಪ" ಅಂದೆ.

ಅವ ತಲಿ ಎತ್ತಲಿಲ್ಲ. "ಮತ್ತ ನೀ ಆ ಹಾಡು ಯಾಕ ಪೂರಾ ಕಲಿಸಲಿಲ್ಲ ಮುತ್ಯಾ?" ಅಂದ.

ಅವನಿಗೆ ಯಾರು ಹೇಳಿದರೋ, ಅವರವ್ವ ಇರಬೇಕು. ಈಗ ಅದನ್ನು ಬರೆಯದೆ ಮುಂದಕ್ಕ ಹೋಗಲಿಕ್ಕೆ ಆಗೋದಿಲ್ಲ.

ನಮ್ಮದು ಹರದೇಸಿ ಮೇಳ. ಹರದೇಸಿ ನಾಗೇಸಿ ವಾದ ನಮ್ಮ ಜತ್ತ ಸೀಮೆಯವರಿಗೆ ಬಿಡಿಸಿ ಹೇಳೋದು ಬೇಡ. ರಾತ್ರಿಯಿಡೀ ದಪ್ಪಿನ ಮ್ಯಾಲೆ ಸವಾಲು ಬರುತ್ತದೆ, ಜವಾಬು ಕೊಡಬೇಕು. ಜವಾಬು ಇಲ್ಲದವ ಸೋತ. ನಮ್ಮ ಗುರುಗಳ ವಹಿಯೊಳಗ ಹನ್ನೆರಡು ನುಡಿಯ ಒಂದು ಹಾಡು ಇತ್ತು. ಎಂಥ ಗಟ್ಟಿ ಸವಾಲು ಬಂದರೂ ಅದರಾಗ ಜವಾಬು ಸಿಗುತ್ತಿತ್ತು. ಬೇರೆ ಯಾವ ಮೇಳದಲ್ಲೂ ಅದು ಇದ್ದಿಲ್ಲ. ಗುರುಗಳು ತೀರಿಕೊಳ್ಳೋ ಮುಂದ ನಮ್ಮ ನಾಲ್ವರನ್ನು ಕರೆದು, "ಈ ವಹಿ ಮೇಳದ ಹೊರಗ ಹೋಗಬಾರದು" ಅಂತ ಕೈಮ್ಯಾಲೆ ಕೈ ಇಡಿಸಿಕೊಂಡು ಮಾತು ತಗೊಂಡರು. ಬೇರೆ ಮೇಳಕ್ಕ 500 ರೂಪಾಯಿ ವೀಳ್ಯ ಕೊಡುವ ಊರವರು ನಮಗ 800 ಕೊಡುತ್ತಿದ್ದರು. ಜನರೊಳಗ ಯಾರಾದರೂ ಟೇಪು ಹಿಡಕೊಂಡು ಕುಂತಿದ್ದರ ನಾವು ಆ ಹಾಡು ತೆಗೀತಿದ್ದಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಪಕ್ಕದ ಊರಿನ ಒಬ್ಬ ಹುಡುಗ ಕಲಿಯಲಿಕ್ಕೆ ಬಂದ. ಕಂಠ ನನಗಿಂತ ಚಲೋ ಇತ್ತು, ಇದನ್ನು ಈಗ ಬರೆಯೋದು ಸುಲಭ. ಎರಡು ಸುಗ್ಗಿ ನಮ್ಮ ಹೊಲದಾಗ ದುಡಿದ, ರಾತ್ರಿ ಕಲಿತ. ಅವನಿಗೆ ಒಂಬತ್ತು ನುಡಿ ಕಲಿಸಿ, ಹಾಡು ಇಷ್ಟೇ ಅಂದೆ. ಗುರುಗಳಿಗೆ ಕೊಟ್ಟ ಮಾತೂ ಪೂರಾ ಉಳಿಸಲಿಲ್ಲ, ಹಾಡೂ ಪೂರಾ ಕೊಡಲಿಲ್ಲ. ಅವ ಸ್ವಂತ ಮೇಳ ಕಟ್ಟಿದ. ಮೊದಲನೇ ಜಾತ್ರಿಯಾಗ ನಾಗೇಸಿಯವರು ಹಾಕಿದ ಸವಾಲಿಗೆ ಜವಾಬು ಇದ್ದದ್ದು ಹತ್ತನೇ ನುಡಿಯೊಳಗ. ಹುಡುಗ ದಪ್ಪು ಹಿಡಕೊಂಡು ನಿಂತ. ಜನ ಸೀಟಿ ಹೊಡೆದರು. ನಾನು ಮುಂದಿನ ಸಾಲಿನಾಗೇ ಕುಂತಿದ್ದೆ. ಅವ ನನ್ನ ಕಡೆ ನೋಡಿದ, ನಾ ಎಲಿ ಅಡಿಕಿ ಹುಡುಕುವವರಂಗ ಚೀಲದಾಗ ಕೈ ಹಾಕಿದೆ. ಆ ವರ್ಷದ ಮ್ಯಾಲೆ ಅವ ಹಾಡಲಿಲ್ಲ. ಈಗ ಟೆಂಪೋ ಓಡಿಸುತ್ತಾನೆ.

ಮರುದಿನ ಮೊಮ್ಮಗನನ್ನು ನಾನೇ ಕರೆದು ಕೂಡಿಸಿಕೊಂಡೆ. "ಬೇಕಾದಷ್ಟು ಅಚ್ಚು ಹಾಕೋ ಶಕ್ತಿ ಇದ್ದರೂ ಕಂಪನಿ ಯಾಕ ಹಾಕೋದಿಲ್ಲ?" ಅಂತ ಕೇಳಿದೆ. ಆಗ ಅವ ಹೇಳಿದ ಕಥಿ ನನ್ನದೇ ಕಥಿಯ ದೊಡ್ಡಣ್ಣ.

ಮೊದಲನೇ ಅಚ್ಚಿನಾಗ ಒಂದೊಂದು ಅಪರೂಪದ ಎಲಿ 1,100ರಷ್ಟೇ ಬಂದಿದ್ದವು. ಅದರಾಗ ಬ್ಲ್ಯಾಕ್ ಲೋಟಸ್, ಕರೇ ತಾವರಿ, ಅನ್ನೋದು ಎಲ್ಲಕ್ಕಿಂತ ಬಲದ್ದು. ಆಟ ಹಬ್ಬಿದಂಗ ಹಳೇ ಎಲಿಗೆ ಬೇಡಿಕೆ ಬಂತು. 1995ರಾಗ ಕಂಪನಿ ಹಳೇ ತಂಡಗಳ ಕೆಲವು ಎಲಿಗಳನ್ನು ಕ್ರಾನಿಕಲ್ಸ್ ಅಂತ ಮತ್ತ ಅಚ್ಚು ಹಾಕಿತು. ಹೊಸಬರಿಗೆ ಸಿಗಲಿ ಅನ್ನೋದು ವಿಚಾರ. ಹೊಸಬರಿಗೆ ಸಿಕ್ಕವು, ಹಳಬರ ಕೈಯಾಗಿನ ಎಲಿ ದರ ಬಿತ್ತು. ಕೂಡಿಸಿಟ್ಟವರು, ಅಂಗಡಿಯವರು ಎದ್ದು ನಿಂತರು, ನಿಮ್ಮನ್ನು ನಂಬಿ ರೊಕ್ಕ ಹಾಕಿದೆವು ಅಂತ. 1996ರಾಗ ಕಂಪನಿ ಒಂದು ಪಟ್ಟಿ ಮಾಡಿ, ಇವಿಷ್ಟು ಎಲಿ ಇನ್ನು ಮುಂದ ಎಂದೂ ಅಚ್ಚು ಹಾಕೋದಿಲ್ಲ ಅಂತ ಮಾತು ಕೊಟ್ಟಿತು. ರಿಸರ್ವ್ಡ್ ಲಿಸ್ಟ್ ಅಂತ ಅದರ ಹೆಸರು. ಕರೇ ತಾವರಿ ಆ ಪಟ್ಟಿಯಾಗ ಐತಿ. 2021ರ ಜನವರಿಯಾಗ ಮೊದಲನೇ ಅಚ್ಚಿನ ಒಂದು ಕರೇ ತಾವರಿ 5,11,100 ಡಾಲರಿಗೆ ಹರಾಜಾಯ್ತು. ಆಗಿನ ಲೆಕ್ಕದಾಗ ಮೂರೂವರೆ ಕೋಟಿ ರೂಪಾಯಿ ಮ್ಯಾಲೆ. ಒಂದು ರಟ್ಟಿನ ಚೂರು.

ಈಗ ಯಾರ ಕಡೆ ನಿಲ್ಲಬೇಕು? ಕಂಪನಿ ಕಡೆಯ ಮಾತು ಸಣ್ಣದಲ್ಲ. ಮಾತು ಕೊಟ್ಟ ಮ್ಯಾಲೆ ಅದನ್ನು ನಂಬಿ ದುಡಿದ ರೊಕ್ಕ ಹಾಕಿದವರಿದ್ದಾರೆ. ಅವರಲ್ಲಿ ಸಣ್ಣ ಅಂಗಡಿಯವರೂ ಇರುತ್ತಾರೆ. ಮಾತು ಮುರಿದರ ಅವರ ಮನಿ ಮುರಿಯುತ್ತದೆ. ಇನ್ನೊಂದು ಮಾತೂ ಖರೆ: ಎಲ್ಲ ಎಲಿಯನ್ನೂ ಬೇಕಾದಷ್ಟು ಚೆಲ್ಲಿದರ ಪಾಕೀಟು ಕೊಳ್ಳೋರು ಯಾರು? ಕಂಪನಿ ಮುಚ್ಚಿದರ ಆಟವೇ ಇಲ್ಲ. ಹಂಗಾಗಿ ಸ್ವಲ್ಪ ಕೈ ಬಿಗಿ ಹಿಡಿಯೋದು ತಪ್ಪು ಅಂತ ನಾನು ಅನ್ನೋದಿಲ್ಲ. ಆದರ ಬಿತ್ತಲಿಕ್ಕೆ ಬೀಜ ತೆಗೆದಿಡೋದು ಬೇರೆ, ದರ ಏರಲಿ ಅಂತ ಹಗೇವು ಮುಚ್ಚೋದು ಬೇರೆ. 1972ರ ಬರದಾಗ ನಾನು ಸಣ್ಣ ಹುಡುಗ. ನಮ್ಮೂರಾಗ ಹಗೇವು ತೆಗೆದು ಜ್ವಾಳ ಅಳೆದು ಕೊಟ್ಟವರೂ ಇದ್ದರು, ಹಗೇವಿನ ಮ್ಯಾಲೆ ಹಾಸಿಗಿ ಹಾಸಿ ಮಲಗಿದವರೂ ಇದ್ದರು. ಆ ಎರಡನೆಯವರೂ ಕಾನೂನಿನ ಪ್ರಕಾರ ಕಳ್ಳರಲ್ಲ.

ನನಗ ಕಾಣೋ ಮುಖ್ಯ ಗಂಟು ಇದು. ಮಾತು ಕೊಟ್ಟದ್ದು ಇದ್ದವರಿಗೆ. ಕೊಡುವಾಗ ಕೈಬಿಟ್ಟದ್ದು ಇಲ್ಲದವರ ಪಾಲು. 1996ರಾಗ ಇನ್ನೂ ಹುಟ್ಟದ ಹುಡುಗ ಇವತ್ತು ಆ ಎಲಿ ಹಿಡಿದು ಆಡಬೇಕು ಅಂತಾನೆ, ಅವನನ್ನು ಆಗ ಯಾರೂ ಕೇಳಿರಲಿಲ್ಲ. ಇನ್ನು ಕೋಟಿ ಕೊಟ್ಟು ಕೊಂಡವ ಆ ಎಲಿಯನ್ನು ಆಡುತ್ತಾನೇನು? ಪ್ಲಾಸ್ಟಿಕ್ ಡಬ್ಬಿಯಾಗ ಮುಚ್ಚಿ ಇಡುತ್ತಾನೆ. ವಹಿಯೊಳಗ ಕುಂತ ನಮ್ಮ ಹಾಡಿನಂಗ. 2022ರಾಗ ಆಟಕ್ಕ ಮೂವತ್ತು ವರ್ಷ ಆಗ್ತಾವು ಅಂತ ಕಂಪನಿ ಆ ಹಳೇ ಎಲಿಗಳನ್ನು ಹಿಂಭಾಗ ಬೇರೆ ಮಾಡಿ ಅಚ್ಚು ಹಾಕಿತು. ನಾಲ್ಕು ಪಾಕೀಟಿಗೆ 999 ಡಾಲರ್, ಪಂದ್ಯದಾಗ ಅವನ್ನು ಆಡುವಂಗಿಲ್ಲ. ಮಾತೂ ಮುರಿಯಲಿಲ್ಲ, ರೊಕ್ಕವೂ ಬಂತು, ಆಡಬೇಕಾದವನ ಕೈಗೆ ಮಾತ್ರ ಏನೂ ಬರಲಿಲ್ಲ. ಇದು ನನಗ ಎಲ್ಲಕ್ಕಿಂತ ಕೆಟ್ಟದ್ದು ಅನಿಸಿತು. ಒಂಬತ್ತು ನುಡಿ ಕಲಿಸಿ ಇಷ್ಟೇ ಅಂದವನಿಗೆ ಹಂಗ ಅನ್ನೋ ಹಕ್ಕು ಎಷ್ಟೈತೋ.

ಮೊಮ್ಮಗ ಕಡೇಕ ಹೇಳಿದ ಸಂಗತಿ ನನ್ನನ್ನು ಬಿಡವಲ್ದು. ಆ ಪಟ್ಟಿಯ ಮಾತು ಬರೇ ಕಾಗದದ ಎಲಿಗೆ. ಕಂಪ್ಯೂಟರಿನ ಎಲಿಗೆ ಅದು ಹತ್ತೋದಿಲ್ಲ. ಹಂಗಾಗಿ 2014ರ ಜೂನ್‌ದಾಗ ಅದೇ ಕರೇ ತಾವರಿಯನ್ನು, ಅದೇ ಹೆಸರು ಅದೇ ಶಕ್ತಿಯಿಂದ, ಮ್ಯಾಜಿಕ್ ಆನ್‌ಲೈನಿನಾಗ ಪಾಕೀಟಿನೊಳಗ ಹಾಕಿ ಬಿಟ್ಟರು. ಅಲ್ಲಿ ಅದರ ದರ ಆ ಹರಾಜಿನ ರಟ್ಟಿನ ಸಾವಿರದ ಒಂದು ಪಾಲೂ ಇಲ್ಲ. ನನ್ನ ಮೊಮ್ಮಗನ ಹತ್ತಿರವೇ ಒಂದು ಐತಿ, ತೋರಿಸಿದ. ಕಾಗದ ಹಿಡಕೊಂಡವರ ಮನಿ ಬಿದ್ದಿಲ್ಲ, ಆಡುವವರೂ ಆಡುತ್ತಾರೆ. ಇದನ್ನು ಕೇಳಿದಾಗ ನನ್ನ ತಲಿಯೊಳಗ ಏನೋ ಸಡಿಲ ಆಯ್ತು. ಗುರುಗಳು ಅಂದದ್ದೇನು? "ವಹಿ ಹೊರಗ ಹೋಗಬಾರದು." ವಹಿ ಹೋಗೋದಿಲ್ಲ. ಬಾಯಿಂದ ಬಾಯಿಗೆ ಹೋದರ?

ಇದು ವಕೀಲಿ ಮಾತು, ನನಗೂ ಗೊತ್ತು. ಗುರುಗಳ ಮನಸ್ಸಿನಾಗ ಇದ್ದದ್ದು ಹಾಡು, ಹಾಳಿಯಲ್ಲ. ಕಂಪನಿಯೂ ಮೊದಲು ಆ ಪಟ್ಟಿಯಲ್ಲಿ ಹೊಳೆಯುವ ಎಲಿಗೆ ಒಂದು ಸಂದು ಇಟ್ಟುಕೊಂಡಿತ್ತು, ಅದರಿಂದ ಕೆಲವನ್ನು ಹೊರಗ ತಂದಿತು, ಮಂದಿ ಕೂಗಾಡಿದ ಮ್ಯಾಲೆ 2010ರಾಗ ಅದನ್ನು ಮುಚ್ಚಿತು. ಸಂದು ಹುಡುಕಿ ಮಾತು ಉಳಿಸೋದು ಮಾತು ಉಳಿಸಿದಂಗ ಆಗೋದಿಲ್ಲ ಅನ್ನೋರು ನಮ್ಮ ಮೇಳದಾಗೂ ಇದ್ದಾರೆ. ಮಾತು ಕೊಟ್ಟ ನಾಲ್ವರೊಳಗ ಈಗ ಉಳಿದವರು ಇಬ್ಬರು, ನಾನು ಮತ್ತು ವಹಿ ಇಟ್ಟುಕೊಂಡಿರೋ ನಮ್ಮ ಹಿಮ್ಮೇಳದ ಅಣ್ಣ. ಅವರಿಗೆ 75 ದಾಟಿದೆ. "ಗುರು ಇಲ್ಲ ಅಂತ ಮಾತೂ ಇಲ್ಲೇನು?" ಅಂತ ಅವರು ಒಮ್ಮೆ ಕೇಳಿದ್ದು ನೆನಪೈತಿ. ಆದರ ಮಾತು ತಗೊಂಡ ಮೇಳವೇ ಈಗ ಇಲ್ಲ. ವೀಳ್ಯ ತರೋರು ಇಲ್ಲ. ಯಾರ ಬೆಲೆ ಉಳಿಸಲಿಕ್ಕೆ ಅದನ್ನು ಮುಚ್ಚಿಡಬೇಕು ಅಂತ ನಾನು ಕೇಳಿದರ ಅವರ ಹತ್ತಿರ ಜವಾಬು ಇಲ್ಲ, ನನ್ನ ಹತ್ತಿರ ಅವರ ಪ್ರಶ್ನೆಗೆ ಜವಾಬು ಇಲ್ಲ.

ಸಂಕ್ರಾಂತಿ ಆದ ಮ್ಯಾಲೆ ನಾನು ಟೆಂಪೋ ನಿಲ್ಲುವ ಕಡೆ ಹೋಗಿ ಆ ಹುಡುಗನನ್ನು ಕಂಡೆ. ಹುಡುಗ ಏನು, ತಲಿ ಅರ್ಧ ಬೆಳ್ಳಗಾಗಿದೆ. ಇನ್ನೂ ಮೂರು ನುಡಿ ಅದಾವು ಅಂದೆ. ಅವ ಬಹಳ ಹೊತ್ತು ಸ್ಟೇರಿಂಗ್ ಒರೆಸಿದ. "ಗೊತ್ತಿತ್ತು ಕಾಕಾ" ಅಂದ, ಅಷ್ಟೇ. ಮುಂದಿನ ಅಮಾಸಿಗೆ ಮನಿಗೆ ಬಂದ, ದಪ್ಪು ತಾನೇ ತಂದಿದ್ದ. ಹತ್ತನೇ ನುಡಿ ಕೊಟ್ಟೆ, ಹನ್ನೊಂದನೆಯದೂ ಕೊಟ್ಟೆ. ಹನ್ನೆರಡನೆಯದಕ್ಕ ಬಾಯಿ ತೆಗೆದರ ಮೊದಲಿನ ಎರಡು ಸಾಲು ಬಂದವು, ಮುಂದ ಬರಲಿಲ್ಲ. ಎಷ್ಟು ವರ್ಷ ಆಗಿತ್ತೋ ಅದನ್ನು ಹಾಡಿ. ಅವ ತಾಳ ಹಾಕುತ್ತ ಕಾಯ್ದ. ಆಮ್ಯಾಲೆ ಇನ್ನೊಂದು ದಿನ ಬರತೀನಿ ಅಂತ ಹೋದ.

ಅದು ವಹಿಯೊಳಗ ಐತಿ. ವಹಿ ಅಣ್ಣನ ಮನಿಯಾಗ, ದೇವರ ಜಗಲಿ ಮ್ಯಾಲೆ. ನಾಳೆ ಹೋಗಿ ಒಮ್ಮೆ ನೋಡಿ ಕೊಡತೀನಿ ಅಂತ ಕೇಳಬೇಕು. ಯಾಕ ಅಂತ ಅವರು ಕೇಳೇ ಕೇಳುತ್ತಾರೆ, ಏನು ಹೇಳಬೇಕು ಅನ್ನೋದು ಇನ್ನೂ ಹೊಳೆದಿಲ್ಲ.